ಹತ್ತಿದ್ದು ಒಂದು ತೋಟ, ಬಿದ್ದದ್ದು ಇನ್ನೊಂದು

ಬೇಗಾರಿನ ಸುತ್ತ ಅಡಿಕೆ ಕೊಯ್ಯಲು ನನ್ನಂಥ ಕೊನೆಗಾರ ಇರಲಿಲ್ಲ. ಒಮ್ಮೆ ಹತ್ತಿದರೆ ಮರವನ್ನೇ ಬಗ್ಗಿಸಿ ತೂಗಿ ತೂಗಿ ಮರದಿಂದ ಮರಕ್ಕೆ ದಾಟುತ್ತ, ಊಟಕ್ಕಷ್ಟೇ ನೆಲ ಮುಟ್ಟುತ್ತಿದ್ದೆ. ಒಂದು ದಿನ ಧಣಿಯ ಮರದಲ್ಲಿ ಗೊನೆ ಕೊಯ್ದು ತೂಗಿದವನು, ಬೇಲಿಯನ್ನೂ ದಾಟಿ ಪಕ್ಕದವರ ತೋಟಕ್ಕೆ ಬಿದ್ದೆ. ಕಾಲು ಮುರಿಯಿತು.

ಪರಿಹಾರದ ವಿಚಾರಣೆಗೆ ಬಂದ ಧಣಿ, ಕಾರ್ಮಿಕ ಇಲಾಖೆಯ ಸಾಹೇಬರ ಮುಂದೆ, "ಬೇಲಿ ದಾಟಿದ ಮೇಲೆ ಇವ ನಮ್ಮ ಆಳಲ್ಲ ಸಾರ್" ಎಂದರು.

ಸಾಹೇಬರು ನನ್ನತ್ತ ತಿರುಗಿದರು. "ಬೀಳುವಾಗ ಯಾರ ಕೆಲಸದಲ್ಲಿದ್ದೆ ಮಾರಾಯ?"

"ಗಾಳಿಯಲ್ಲಿದ್ದೆ ಸಾರ್. ಕೈಯಲ್ಲಿ ಗೊನೆ ಇತ್ತು."

"ಆ ಗೊನೆ ಎಲ್ಲಿ?"

"ಅದು ನಮ್ಮ ಮರದ್ದು, ಆಗಲೇ ಬೇಲಿ ಹಾರಿ ತಂದೆ" ಎಂದರು ಧಣಿ.

ಸಾಹೇಬರು ಪೆನ್ನು ತೆಗೆದರು. "ಗೊನೆ ನಿಮ್ಮದಾದರೆ ಹಿಡಿದ ಕೈ ನಿಮ್ಮದು. ಕೈ ನಿಮ್ಮದಾದರೆ ಕಾಲೂ ನಿಮ್ಮದೇ."

ಪರಿಹಾರ ಬಂತು. ಆದರೆ ಅಷ್ಟು ಎತ್ತರದಿಂದ ಬಿದ್ದರೂ ಆ ಗೊನೆಯಿಂದ ಒಂದು ಅಡಿಕೆಯೂ ಉದುರಲಿಲ್ಲ ಎಂಬುದನ್ನು ಸಾಹೇಬರು ಬರೆದುಕೊಳ್ಳಲೇ ಇಲ್ಲ.