ಮಂಡಿಪೇಟೆಯ ಗಾದಿ ಮತ್ತು ಕಾವಲಿನ ಪ್ರೋಟೀನು

ಮೊನ್ನೆ ಪಕ್ಕದ ಮನೆಯವರು ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಆ ಘಾಟಿಗೆ ಕೆಮ್ಮು ಬಂತು, ಅದರ ಹಿಂದೆಯೇ ನಮ್ಮ ಮೇಡಂ ನೆನಪಾದರು... ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಲ್ಲಿ ನನಗೆ ಜೀವರಸಾಯನಶಾಸ್ತ್ರ ಕಲಿಸಿದವರು. ದಿನಾ ಹರಿಹರದಿಂದ ಬರುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಗದ ದಿನ ಆ ಸಿಟ್ಟನ್ನೆಲ್ಲ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು, ಪುಣ್ಯಾತ್ಗಿತ್ತಿ.

ಬಿ.ಎಸ್ಸಿ. ಮುಗಿಯುತ್ತಿದ್ದಂತೆ ಅಪ್ಪ ಓದು ಸಾಕು ಎಂದರು. ನನಗೋ ಎಂ.ಎಸ್ಸಿ.ಗೆ ಮೈಸೂರಿಗೆ ಹೋಗುವ ಆಸೆ. ಅತ್ತದ್ದಾಯಿತು, ಊಟ ಬಿಟ್ಟದ್ದೂ ಆಯಿತು. ಅಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ವಿಷಯ ತಿಳಿದ ಮೇಡಂ ಒಂದು ಸಂಜೆ ಮಂಡಿಪೇಟೆಯ ನಮ್ಮ ಮೆಣಸಿನಕಾಯಿ ಅಂಗಡಿಗೇ ಸೀನುತ್ತಾ ಬಂದುಬಿಟ್ಟರು.

“ಕೂಡ್ರಿ ಮೇಡಂ,” ಎಂದ ಅಪ್ಪ, “ಅಲ್ರಿ, ಮುಂದೆ ಓದಿ ಇವಳು ಕಲಿಯೋದಾದ್ರೂ ಏನೈತ್ರಿ?” ಎಂದು ಕೇಳಿದರು.

ಅಪ್ಪನ ಗಾದಿ ಇದ್ದದ್ದು ಗೋದಾಮಿನ ಬಾಗಿಲಿಗೆ ಅಡ್ಡವಾಗಿ. ಅವರು ಏಳದೆ ಹಮಾಲರೂ ಒಳಗೆ ಹೋಗುವಂತಿರಲಿಲ್ಲ. ಮೇಡಂ ಅದನ್ನೇ ತೋರಿಸಿದರು. ನಮ್ಮ ಜೀವಕೋಶದಲ್ಲೂ ಹೀಗೊಂದು ಕಾವಲಿನ ಪ್ರೋಟೀನು ಇರುತ್ತದೆ. ಜೀನುಗಳನ್ನು ಚಾಲೂ ಮಾಡಬೇಕಾದ ಇನ್ನೊಂದು ಪ್ರೋಟೀನನ್ನು ಅದು ಜೀನುಗಳಿರುವ ಕೋಶಕೇಂದ್ರದ ಒಳಗೆ ಬಿಡುವುದಿಲ್ಲ. ಮೈಗೆ ಸೋಂಕು ತಗಲಿತೆನ್ನಿ, ಆಗ ಜೀವಕೋಶ ಆ ಕಾವಲಿಗೇ ಒಂದು ಗುರುತು ಹಚ್ಚುತ್ತದೆ. ಗುರುತು ಬಿದ್ದದ್ದನ್ನು ಚೂರುಚೂರು ಮಾಡುವ ಯಂತ್ರವೂ ಅಲ್ಲೇ ಇದೆ. ಕಾವಲು ಹೋದರೆ ಅದು ತಡೆದಿಟ್ಟಿದ್ದ ಪ್ರೋಟೀನು ಒಳಗೆ ಹೋಗುತ್ತದೆ, ಜೀನುಗಳು ಕೆಲಸ ಶುರು ಮಾಡುತ್ತವೆ. ಇಷ್ಟು ವಿವರಿಸಿ, “ಇಂಥದ್ದನ್ನ ಕಲೀತಾಳ್ರಿ,” ಎಂದರು.

ಅಪ್ಪ ಗಾದಿಯ ಮೇಲೆ ಕೈಯೂರಿ ಅವರ ಕಡೆ ತಿರುಗಿದರು. “ಹಂಗಾರೆ ನನ್ನನ್ನ ಚೂರು ಮಾಡಾಕೆ ಬಂದೀರಿ ಅನ್ರಿ.”

ಮೇಡಂ ಮೂಗು ಒರೆಸಿಕೊಂಡು ನಕ್ಕರು.

“ಪೂರ್ತಿ ಕೇಳ್ರಿ. ಚಾಲೂ ಆದ ಜೀನುಗಳಲ್ಲೇ ಒಂದು ಮತ್ತೆ ಹೊಸ ಕಾವಲನ್ನ ತಯಾರು ಮಾಡ್ತೈತೆ. ಕಾವಲೇ ಇಲ್ದಿದ್ರೆ ಮೈಗೆ ಕೇಡು. ನೀವು ಈಗ ಒಂಚೂರು ಸರೀರಿ, ಸಾಕು.”

ಅಪ್ಪ ಹೊಟ್ಟೆ ಕುಲುಕುವಂತೆ ನಕ್ಕರು. ನಕ್ಕ ಮೇಲೆ ಅವರಿಗೆ ಇಲ್ಲ ಅನ್ನಲು ಆಗಲಿಲ್ಲ. ಆ ವರ್ಷವೇ ನಾನು ಮೈಸೂರು ಸೇರಿದೆ.

ಈಗ ನಾನೂ ಅದೇ ಪಾಠ ಮಾಡುತ್ತೇನೆ, ನೆಮ್ಮದಿಯಾಗಿದ್ದೇನೆ. ಅದನ್ನು ಹೇಳಿಕೊಳ್ಳೋಣವೆಂದರೆ ಮೇಡಂ ಇಲ್ಲ... ನಿನ್ನೆ ಹರಿಹರಕ್ಕೆ ಹೋಗಿ ಅವರ ತಂಗಿಯನ್ನು ಕಂಡು ಈ ಕಥೆ ಹೇಳಿದೆ. ಅವರು ನಗುತ್ತಲೇ ಕೇಳಿ ಕಣ್ಣೊರೆಸಿಕೊಂಡರು.

“ಅಕ್ಕಂಗೂ ಪಿಎಚ್.ಡಿ. ಮಾಡೋ ಆಸೆ ಭಾಳ ಇತ್ತವ್ವ. ನಮ್ಮಪ್ಪ ಬ್ಯಾಡ ಅಂದ್ರು. ಅವರ ಹತ್ರ ಬಂದು ಮಾತಾಡೋರು ಯಾರೂ ಇರ್ಲಿಲ್ಲ.”