ನನ್ನ ಅಡುಗೆಯ ರುಚಿ ಹೇಳಿದವರು

ಮಸ್ಕಿಯಲ್ಲಿ ಲಿಂಗಸುಗೂರು ರಸ್ತೆಗೆ ನಮ್ಮದೊಂದು ಖಾನಾವಳಿ ಇದೆ. ಅಡುಗೆ ನನ್ನದು, ಬಡಿಸುವುದು ನನ್ನ ಗಂಡನದು. ನಾನು ಮುದಗಲ್ಲಿನವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅತ್ತೆಯ ಒಲೆ ನಿಧಾನಕ್ಕೆ ನನ್ನದಾಯಿತು. ಜೋಳದ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಹೆಸರುಬೇಳೆ, ಶೇಂಗಾ ಹಿಂಡಿ, ಮೊಸರು, ಕೊನೆಗೊಂದಿಷ್ಟು ಅನ್ನ ಸಾರು. ಇಷ್ಟೇ ನಮ್ಮಲ್ಲಿ ಸಿಗುವುದು.

ಊಟ ಹೇಗಿತ್ತು ಎಂದು ಉಂಡವರನ್ನು ನಾನು ಯಾವತ್ತೂ ಕೇಳಿದವಳಲ್ಲ. ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಒಲೆಯ ಮುಂದೆ ಕೂತವಳಿಗೆ ಪಲ್ಲೆಯ ಹಬೆ ಮುಖಕ್ಕೆ ಬಡಿದರೆ ಹುಳಿ, ಖಾರ ತಿಳಿದುಬಿಡುತ್ತಿತ್ತು, ಉಪ್ಪಿಗೆ ಒಂದು ಹನಿ ನಾಲಿಗೆಗೆ ಇಟ್ಟರೆ ಸಾಕಿತ್ತು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಊರಲ್ಲಿ ಎಷ್ಟೋ ಜನಕ್ಕೆ ಬಂದು ಹೋದಂಥದೇ ಜ್ವರ. ಇಳಿಯಿತು, ನಾನೂ ಎದ್ದು ಒಲೆ ಹೊತ್ತಿಸಿದೆ. ಬಾಣಲೆಗೆ ಜಜ್ಜಿದ ಬೆಳ್ಳುಳ್ಳಿ ಹಾಕಿದೆ. ಚುರ್ ಎಂದು ಸದ್ದಾಯಿತು, ಬಣ್ಣವೂ ತಿರುಗಿತು, ಆದರೆ ವಾಸನೆ ಬರಲಿಲ್ಲ. ಬೆಳ್ಳುಳ್ಳಿ ಹಳೆಯದೇನೋ ಅಂದುಕೊಂಡು ಒಂದು ಎಸಳು ಸುಲಿದು ಹಸಿಯದನ್ನೇ ಅಗಿದೆ. ಒದ್ದೆ ಬಟ್ಟೆ ಅಗಿದಂತಾಯಿತು. ಉಪ್ಪು ನೆಕ್ಕಿದೆ, ಹುಣಸೆಹಣ್ಣು ಬಾಯಿಗಿಟ್ಟುಕೊಂಡೆ. ಯಾವುದಕ್ಕೂ ನಾಲಿಗೆ ಓಗೊಡಲಿಲ್ಲ. ಒಲೆ ಆರಿಸಿ ಸುಮ್ಮನೆ ಕೂತೆ.

ಲಿಂಗಸುಗೂರಿನ ಡಾಕ್ಟರು ಮೂಗು, ಗಂಟಲು ಎಲ್ಲ ನೋಡಿದರು. "ಜ್ವರದಾಗ ವಾಸನಿ ನರಕ್ಕ ಪೆಟ್ಟು ಬಿದ್ದೈತ್ರಿ, ನಾಲಿಗಿ ರುಚಿನೂ ಹೋಗೈತಿ. ವಾಪಸ್ ಬರ್ತೈತಿ, ಆದ್ರ ಯಾವಾಗ ಅಂತ ಹೇಳಾಕ ಆಗೂದಿಲ್ಲ. ದಿನಾ ಮುಂಜಾನೆ ಲವಂಗ, ನಿಂಬಿಹಣ್ಣು ಮೂಸಿ ನೋಡ್ರಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಗಂಡ ಕೇಳಿದ, "ಸ್ವಲ್ಪ ದಿನ ಬಂದ್ ಇಡೂಣೇನು?"

"ಯಾಕ್ರಿ? ಕೈಗೆ ಅಳತಿ ಗೊತ್ತೈತಿ. ಮಾಡ್ತೀನಿ" ಎಂದೆ.

ಕೈಗೆ ಅಳತೆ ಗೊತ್ತಿದ್ದದ್ದು ನಿಜ. ಆದರೆ ಪುಂಡಿಸೊಪ್ಪು ಒಂದು ದಿನ ಹುಳಿ ಹೆಚ್ಚು, ಇನ್ನೊಂದು ದಿನ ಸಪ್ಪೆ. ಹೊಸ ಖಾರದಪುಡಿ ಹಳೆಯದರಂತಿರುವುದಿಲ್ಲ. ಇದನ್ನೆಲ್ಲ ಅಲ್ಲಿಯತನಕ ಮೂಗೇ ಸರಿಮಾಡುತ್ತಿತ್ತು ಎಂಬುದು ಅದು ಕೈಕೊಟ್ಟ ಮೇಲೆ ನನಗೆ ತಿಳಿಯಿತು. ತಾಟಿನಲ್ಲಿ ಪಲ್ಲೆ ಉಳಿದು ಬರತೊಡಗಿತು. ಯಾರೂ ಏನೂ ಹೇಳುತ್ತಿರಲಿಲ್ಲ. ಸಿಂಧನೂರು-ಲಿಂಗಸುಗೂರು ಬಸ್ಸಿನ ಡ್ರೈವರೊಬ್ಬರು ನಮ್ಮ ಹಳೆಯ ಗಿರಾಕಿ. ಪುಂಡಿಪಲ್ಲೆಯನ್ನು ಕೇಳಿ ಕೇಳಿ ಹಾಕಿಸಿಕೊಳ್ಳುವವರು. ಅವರೂ ಅದನ್ನು ಪಕ್ಕಕ್ಕೆ ಸರಿಸಿ, ಮೊಸರಿನಲ್ಲಿ ರೊಟ್ಟಿ ಅದ್ದಿಕೊಂಡು ಉಂಡಿದ್ದನ್ನು ಒಳಗಿನಿಂದ ನೋಡಿದೆ. ಹೊರಗೆ ಬಂದು ಕೇಳಿದೆ, "ಊಟ ಹೆಂಗೈತ್ರಿ ಅಣ್ಣಾರ?"

"ಚಲೋ ಐತ್ರಿ ಅಕ್ಕಾರ" ಎಂದರು. ತಲೆ ಎತ್ತಲಿಲ್ಲ.

ನನ್ನ ಮನಸ್ಸು ನೋಯಬಾರದೆಂದು ಹಾಗಂದರು. ಅವರ ಒಳ್ಳೆಯತನವೇ ಅವತ್ತು ನನ್ನನ್ನು ಹೆಚ್ಚು ಅಂಜಿಸಿತು. ಹೀಗೇ ಚಲೋ ಐತಿ, ಚಲೋ ಐತಿ ಎನ್ನುತ್ತ ಒಬ್ಬೊಬ್ಬರೇ ಬರುವುದನ್ನು ಬಿಟ್ಟರೆ ಗತಿ ಏನು?

ನಮ್ಮ ಎದುರಿಗೆ ಬಳೆ ಅಂಗಡಿ ಇಟ್ಟ ಒಬ್ಬರು ಆಪಾ ಇದ್ದಾರೆ; ಮುಸ್ಲಿಮರಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. ಮಧ್ಯಾಹ್ನ ಅಂಗಡಿಗೆ ಪರದೆ ಎಳೆದು ನಮ್ಮಲ್ಲೇ ಉಣ್ಣುತ್ತಾರೆ. ಮಾತು ಬಹಳ ನೇರ. ಅವತ್ತು ಉಂಡು ಕೈ ತೊಳೆದವರು ಹೋಗದೆ ಒಳಗೆ, ಒಲೆಯ ಹತ್ತಿರ ಬಂದು ನಿಂತರು.

"ತಂಗಿ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಇವತ್ತಿನ ಪಲ್ಲೆ ಬಾಯಾಗ ಇಡಾಕ ಆಗೂದಿಲ್ಲ. ನಿನ್ನೀದೂ ಹಂಗ ಇತ್ತು. ಏನಾಗೈತಿ ನಿನಗ?"

ನನಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಪಲ್ಲೆಯ ಪಾತ್ರೆಗೆ ಚಮಚ ಹಾಕಿ ಇನ್ನೊಮ್ಮೆ ರುಚಿ ನೋಡಿದರು. "ಸ್ವಲ್ಪ ಬ್ಯಾಳಿ ಕುದಿಸಿ ಇದಕ್ಕ ಹಾಕು, ಉಪ್ಪು ಇಳಿತೈತಿ. ನಾಳಿಂದ ಜನ ಬರೂಕ್ಕಿಂತ ಮೊದ್ಲು ನಾ ಬರ್ತೀನಿ" ಎಂದರು.

ಮಾರನೆಯ ದಿನದಿಂದ ಬಂದೇ ಬಂದರು. ಅಂಗಡಿಯಲ್ಲಿ ಗಿರಾಕಿಗಳಿದ್ದರೆ, "ಬಂದೆ ಇರ್ರಿ, ಅಲ್ಲಿ ಉಪ್ಪು ನೋಡಿ ಬರ್ತೀನಿ" ಎಂದು ಅವರನ್ನು ಕೂಡಿಸಿ ರಸ್ತೆ ದಾಟಿ ಬರುತ್ತಿದ್ದರು. ನಾನೂ ಉಣ್ಣಲು ಬಂದವರಿಗೆಲ್ಲ ವಿಷಯ ತಿಳಿಸಿದೆ. ಡ್ರೈವರಿಗೆ ಹೇಳಿದಾಗ ಅವರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು. "ನಾ ಅವತ್ತ ಹೇಳಬೇಕಿತ್ರಿ ಅಕ್ಕಾರ. ನಿಮ್ಮ ಮನಿಯಾಗ ಏನೋ ತ್ರಾಸು ಐತಿ ಅನ್ಕೊಂಡೆ" ಎಂದರು. ಆಮೇಲೆ ಅವರು ಉಪ್ಪಿನ ಬಗ್ಗೆ ಒಂದು ಮಾತು ಹೇಳದೆ ಬಸ್ಸು ಹತ್ತಿದ ದಿನವಿಲ್ಲ.

ಅಷ್ಟರಲ್ಲಿ ರಂಜಾನ್ ತಿಂಗಳು ಬಂತು. ಆಪಾ ರೋಜಾ ಹಿಡಿಯುವವರು, ಹಗಲಿಡೀ ಉಪವಾಸ. ನಾನು ಅವರನ್ನು ಏನೂ ಕೇಳಲಿಲ್ಲ. ಮೊದಲ ದಿನ ನಾನೇ ಹೇಗೋ ಮಾಡಿಕೊಂಡರಾಯಿತು ಎಂದು ಬದನೆಕಾಯಿ ಸೀಳುತ್ತಿದ್ದಾಗ ಬಾಗಿಲಲ್ಲಿ ಅವರೇ ನಿಂತಿದ್ದರು.

"ಆಪಾ, ನೀವು ರೋಜಾ ಇದ್ದೀರಿ."

"ಬಾಯಿ ಬಂದ್ ಮಾಡೀನಿ, ಮೂಗು ಬಂದ್ ಮಾಡಿಲ್ಲಲ್ಲ. ಮುಚ್ಚಳ ತೆಗಿ" ಎಂದರು.

ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂತರು. "ಬಳ್ಳೊಳ್ಳಿ ಇನ್ನೂ ಹಸಿ ಐತಿ, ತಡಿ. ಹಾಂ, ಈಗ ಹಾಕು. ಹುಳಿ ಹೆಚ್ಚಾತು, ಬೆಲ್ಲ ಹಾಕು" ಎಂದು ಬರೀ ಹಬೆಯ ಮೇಲೆ ಹೇಳುತ್ತ ಹೋದರು. ಬಿಸಿಲು ಏರುತ್ತಿದ್ದ ದಿನಗಳು. ನಸುಕಿನಲ್ಲಿ ಉಂಡು, ಹನಿ ನೀರೂ ಕುಡಿಯದವರು, ಎಣ್ಣೆಗಾಯಿಯ ಘಮದ ಮುಂದೆ ಕೂತಿದ್ದರು. ಅವರ ತುಟಿ ಒಣಗಿದ್ದು ನನಗೆ ಕಾಣುತ್ತಿತ್ತು. ಅವರ ಮುಂದೆ ನೀರು ಕುಡಿಯಲು ನನಗೂ ಮನಸ್ಸಾಗುತ್ತಿರಲಿಲ್ಲ. ಅದನ್ನು ಗಮನಿಸಿ ಬೈದರು: "ನೀ ಕುಡಿ ಬೇ. ಇದು ನಾ ಹಿಡಿದ ರೋಜಾ, ನಿಂದಲ್ಲ."

ಉಪ್ಪು ಮಾತ್ರ ಮೂಗಿಗೆ ಸಿಗುವುದಿಲ್ಲ. ಅದನ್ನು ಮೊದಲ ಪಂಕ್ತಿಗೆ ಬಂದವರು ನೋಡಿ ಹೇಳುತ್ತಿದ್ದರು.

ಆ ತಿಂಗಳಲ್ಲೇ ಒಂದು ದಿನ, ಇನ್ನೂ ಯಾರೂ ಉಪ್ಪು ನೋಡುವ ಮೊದಲೇ, ಹೊರದೇಶದ ಗಂಡ ಹೆಂಡತಿ ಊಟಕ್ಕೆ ಬಂದರು. ನಮ್ಮೂರ ಗುಡ್ಡದ ಅಶೋಕನ ಶಾಸನ ನೋಡಲು ಬಂದವರು. ಜೊತೆಗೆ ಹೊಸಪೇಟೆ ಕಡೆಯ ಗೈಡ್ ಇದ್ದ. ಪಕ್ಕದ ಮೇಜಿನಲ್ಲಿ ಹತ್ತಿರದ ವಳಕಮದಿನ್ನಿ ಊರಿನಿಂದ ಟ್ರ್ಯಾಕ್ಟರ್ ರಿಪೇರಿಗೆ ಬರುವ ತೆಲುಗು ರೈತರೊಬ್ಬರು, ವಯಸ್ಸಾದವರು, ಕೂತಿದ್ದರು. ಅಷ್ಟರಲ್ಲಿ ಡ್ರೈವರೂ ಬಂದರು.

ಆ ಹೆಂಗಸು ರೊಟ್ಟಿ ಮುರಿದು ಪಲ್ಲೆ ಹಚ್ಚಿ ತಿಂದು, ಗೈಡ್‌ಗೆ ಏನೋ ಹೇಳಿದಳು. ಅವನು ನಕ್ಕು ನಮ್ಮ ಕಡೆ ತಿರುಗಿದ. "ಇವ್ರ ಊರಲ್ಲಿ ಇಂಡಿಯನ್ ಊಟ ಅಂದ್ರೆ ನಾನ್ ರೊಟ್ಟಿ, ಕೆಂಪು ಗ್ರೇವಿ ಅಷ್ಟೇ ಅಂತೆ. ಇದೂ ಇಂಡಿಯನ್ ಊಟಾನಾ ಅಂತ ಕೇಳ್ತಿದಾರೆ."

"ಅನ್ನ ಕಮ್ಮಿ ಐತಿ ಇದ್ರಾಗ. ಅರ್ಧ ಇಂಡಿಯನ್ ಅನ್ನಪ್ಪಾ" ಎಂದರು ತೆಲುಗು ಹಿರಿಯರು.

"ರೊಟ್ಟಿ ಇಲ್ಲದ್ದು ಯಾವ ದೇಶದ್ದರ ಆಗ್ಲಿ, ಅದು ಊಟಾನ ಅಲ್ಲ" ಎಂದರು ಡ್ರೈವರು.

"ಆ ಪಲ್ಲೆ ಅಂತೂ ನಮ್ಮ ಗೋಂಗೂರ" ಎಂದರು ಹಿರಿಯರು.

"ನಮ್ಮ ಪುಂಡಿ, ನಿಮ್ಮ ಹೊಲದಾಗ ಬೆಳದ್ರ ಗೋಂಗೂರ ಆಗ್ತೈತೇನು?" ಎಂದು ಡ್ರೈವರು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಗೈಡ್ ಅದನ್ನು ಹೇಗೆ ಹೇಳಿದನೋ, ಆ ಗಂಡ ಹೆಂಡತಿಯೂ ನಕ್ಕರು. ಆಮೇಲೆ ಆಕೆ ಇನ್ನೇನೋ ಅಂದಳು. ಗೈಡ್ ಒಮ್ಮೆ ನನ್ನ ಮುಖ ನೋಡಿದ.

"ತುಂಬಾ ಚೆನ್ನಾಗಿದೆಯಂತೆ ಅಮ್ಮಾ" ಎಂದ.

"ಸಾಲ್ಟ್ ಅಂದ್ರಲ್ಲ ಅವ್ರು" ಎಂದು ಡ್ರೈವರು ತಮ್ಮ ತಾಟಿನ ಪಲ್ಲೆ ಬಾಯಿಗೆ ಹಾಕಿಕೊಂಡರು. "ಹೌದ್ರಿ ಅಕ್ಕಾರ. ಒಂಚೂರು ಹೆಚ್ಚಾಗೈತಿ."

ನಾನು ಆಕೆಗೆ ಕೈ ಮುಗಿದೆ. ನನ್ನ ನಾಲಿಗೆಯ ಸಂಗತಿಯನ್ನು ಹೇಳು ಎಂದು ಗೈಡ್‌ಗೆ ಹೇಳಿದೆ. ಅವನು ಹೇಳುತ್ತಿದ್ದಂತೆ ಆಕೆ ಎದ್ದು, ಪಲ್ಲೆ ಮೆತ್ತಿದ ಕೈಯಿಂದಲೇ ನನ್ನ ಕೈ ಹಿಡಿದಳು.

"ಇವ್ರ ತಾಯಿಗೂ ಹೀಗೇ ಆಗಿತ್ತಂತೆ. ಎಲ್ರೂ ಆಸೆ ಬಿಟ್ಟ ಮೇಲೆ ವಾಪಸ್ ಬಂತಂತೆ" ಎಂದ ಗೈಡ್.

ಆಕೆ ಯಾವ ದೇಶದವಳೆಂದು ಕೇಳುವುದನ್ನೂ ಮರೆತೆ. ಆ ಮಾತನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡೆ.

ಈದ್ ದಿನ ಆಪಾ ಡಬ್ಬಿಯಲ್ಲಿ ಸುರಕುಂಬಾ, ಹಾಲು ಶಾವಿಗೆ ಖರ್ಜೂರದ ಪಾಯಸ, ತಂದರು. ಅಡುಗೆಮನೆಯಲ್ಲೇ ನಿಂತು ಕುಡಿದೆ. ಬಿಸಿ ತಿಳಿಯಿತು, ಖರ್ಜೂರದ ಮೆತ್ತಗಿನ ಚೂರು ತಿಳಿಯಿತು, ಅಷ್ಟೇ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆಪಾ, ಏನೂ ಗೊತ್ತಾಗವಲ್ದು" ಎಂದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. "ಹೊಟ್ಟಿಗೆ ಗೊತ್ತಾಗ್ತೈತಿ, ಕುಡಿ" ಎಂದರು.

ಬೇಸಿಗೆ ಕಳೆಯುತ್ತ ಬಂದಿತ್ತು. ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲೆಂದು ಅಗಸೆ ಹುರಿಯುತ್ತಿದ್ದೆ. ಕಾಳು ಚಟಪಟ ಸಿಡಿಯಿತು. ಒಮ್ಮೆಲೇ ಮೂಗಿನ ಒಳಗೆ ಎಲ್ಲೋ, ಬಹಳ ದೂರದಿಂದ ಬಂದಂತೆ, ಎಣ್ಣೆಯಂಥ ಕಮಟು ಘಮ ತಾಗಿತು. ಕೈ ನಿಂತಿತು. ನಿಜವೋ ಭ್ರಮೆಯೋ ಎಂದು ಬಾಣಲೆಯ ಮೇಲೆ ಬಾಗಿದೆ. ನಿಜವಾಗಿತ್ತು. ಅಗಸೆ ಸೀಯುವತನಕ ಮೂಸುತ್ತಲೇ ಇದ್ದೆ. ಸೀದ ವಾಸನೆಯೂ ಬಂತು. ಗಂಡನನ್ನು ಕೂಗಿದೆ. ಅವನು ಹೊಗೆ ನೋಡಿ ಗಾಬರಿಯಾಗಿ ಓಡಿ ಬಂದ.

"ಅಗಸಿ ಸೀದಾವಲ್ಲ ಬೇ" ಎಂದ.

"ಹೌದ್ರಿ, ಸೀದಾವ. ನನಗ ಗೊತ್ತಾತು" ಎಂದೆ. ಅವನು ಒಲೆ ಆರಿಸಿ, ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಹೊಗೆಗೆ ಕಣ್ಣುರಿ ಅಂದ.

ಪೂರ್ತಿ ರುಚಿ ಬರಲು ಮಳೆಗಾಲ ಮುಗಿಯಬೇಕಾಯಿತು. ಮೊದಲು ಉಪ್ಪು, ಆಮೇಲೆ ಹುಳಿ, ಎಲ್ಲಕ್ಕಿಂತ ಕೊನೆಗೆ ಸಿಹಿ. ತೆಲುಗು ಹಿರಿಯರು ಮನೆಯಲ್ಲಿ ಹಾಕಿಸಿದ ಗೋಂಗೂರ ಉಪ್ಪಿನಕಾಯಿಯ ಒಂದು ಜಾಡಿ ತಂದು ಕೊಟ್ಟು, "ಇದು ತಿಂದು ರುಚಿ ಹೇಳು ಅಮ್ಮಾ" ಎಂದರು. ನಾನು ಹೇಳಿದೆ, ಖಾರ ವಿಪರೀತ ಎಂದು. ಅವರಿಗೆ ಬಹಳ ಸಂತೋಷವಾಯಿತು.

ಅದೇ ವಾರ ಒಂದು ಮಧ್ಯಾಹ್ನ, ಜನ ಕಡಿಮೆಯಾದ ಮೇಲೆ, ಒಳಗೆ ಒಲೆ ಬುಡದಲ್ಲಿ ಉಣ್ಣುವ ರೂಢಿ ಬಿಟ್ಟು ಹೊರಗೆ ಬಂದು ಆಪಾ ಪಕ್ಕದ ಕುರ್ಚಿಯಲ್ಲಿ ಕೂತೆ. ಗಂಡ ತಾಟು ತಂದಿಟ್ಟ. ಆಚೆ ಮೇಜಿನಲ್ಲಿ ಡ್ರೈವರು, ಕಂಡಕ್ಟರು ಉಣ್ಣುತ್ತಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ರೊಟ್ಟಿ ಮುರಿದು ಪಲ್ಲೆ ಹಚ್ಚಿ ಬಾಯಿಗಿಟ್ಟೆ. ಇಷ್ಟು ವರ್ಷ ಈ ಊಟವನ್ನು ಮಾಡಿದವಳು ನಾನು. ನಡುವೆ ಇದನ್ನು ಕಾಯ್ದುಕೊಂಡು ಬಂದವರು ಈ ಜನ. ತುತ್ತು ನುಂಗಿ, ಇನ್ನೊಂದು ರೊಟ್ಟಿ ಹಾಕ್ರಿ ಎಂದು ಗಂಡನಿಗೆ ಕೈ ಮಾಡಿದೆ.