ಚಿಗವ್ವನ ದನಿ ಮತ್ತು ಪರವಾನಗಿ

ನಿದ್ದೆ ಮಾಡುವವರ ಮೇಲೆ ನನಗೆ ಮೊದಲಿನಿಂದಲೂ ಗೌರವ. ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನ ಎಚ್ಚರವಿರುವವರನ್ನು ಕಂಡರೇ ನನಗೆ ಅನುಮಾನ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವಾಗಲೂ ನನಗೆ ಇಷ್ಟದ ವಿಷಯ ಡ್ರೈವರ್: ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಕೂತು ಮಾತು ಮುಟ್ಟಿಸುವ ಪ್ರೋಗ್ರಾಂ. ಅದರ ಕೆಲಸ ನಡೆಸಲು ಥ್ರೆಡ್ ಎಂಬ ಎಳೆಗಳಿರುತ್ತವೆ. ಕೆಲಸವಿಲ್ಲದ ಎಳೆ ನಿಶ್ಚಿಂತೆಯಿಂದ ಮಲಗಿರುತ್ತದೆ, ಯಾರಾದರೂ ಗುಂಡಿ ಒತ್ತಿದರೆ ಏಳುತ್ತದೆ. ಆ ಕನಸಿಲ್ಲದ ನಿದ್ದೆಯನ್ನು ವರ್ಣಿಸುತ್ತಾ ನನಗೇ ಆಕಳಿಕೆ ಬರುತ್ತದೆ, ವಿದ್ಯಾರ್ಥಿಗಳಿಗೆ ಅದಕ್ಕೂ ಮೊದಲೇ.

ಅಂಥದೊಂದು ಡ್ರೈವರನ್ನು ದೇವದುರ್ಗದಲ್ಲಿರುವ ಅವ್ವನ ತಂಗಿ, ನಮ್ಮ ಚಿಗವ್ವನಿಗಾಗಿ ಬರೆದೆ. ಚಿಗವ್ವ ಸಂತೆಯಲ್ಲಿ ಹಸಿಮೆಣಸಿನಕಾಯಿ ಮಾರುವವಳು. ಗಂಟಲಿನ ಆಪರೇಷನ್ ಆದರೆ ದನಿ ಹೋಗುತ್ತದೆಂದು ಡಾಕ್ಟರು ಹೇಳಿದ್ದರಿಂದ, ಮೊದಲೇ ಆಕೆಯ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಈಗ ಆಕೆಯ ತೊಡೆಯ ಮೇಲೊಂದು ಗುಂಡಿಗಳ ಡಬ್ಬಿ, ಪಕ್ಕದಲ್ಲಿ ಪುಟ್ಟ ಕಂಪ್ಯೂಟರು. ಒಂದೊಂದು ಗುಂಡಿಗೆ ಒಂದೊಂದು ಮಾತು. ಮೊದಲ ಸಲ ಅದು ನುಡಿದಾಗ ನನ್ನ ಕಣ್ಣು ತುಂಬಿತು. ಚಿಗವ್ವ ಮಾತ್ರ, ದನಿ ಸಣ್ಣದಾಯಿತೆಂದು ಕೈಸನ್ನೆ ಮಾಡಿದಳು.

ನಾನು ಡ್ರೈವರಿಗೆ ವಿಪರೀತ ಸಭ್ಯತೆ ಕಲಿಸಿದ್ದೆ. ಒಂದು ಎಳೆ ಮಾತಾಡುವಾಗ ಉಳಿದವು ಸರದಿಯಲ್ಲಿ ಕಾಯಬೇಕು. ಆದರೆ ನಮ್ಮ ಕಡೆ ಯಾರ ಮನೆಯಲ್ಲಿ ಸರದಿಯಂತೆ ಮಾತಾಡುತ್ತಾರೆ? ಚಿಗವ್ವ ಒಂದು ಮಾತು ಮುಗಿಯುವ ಮೊದಲೇ ಮತ್ತೊಂದು ಗುಂಡಿ ಒತ್ತುವಳು. ಬಂದವರು ಎದ್ದು ಓಣಿ ದಾಟಿದ ಮೇಲೆ ಡಬ್ಬಿ ಖಾಲಿ ಮನೆಗೆ "ಬರ್ರಿ, ಕೂಡ್ರಿ" ಎಂದು ಉಪಚಾರ ಹೇಳುತ್ತಿತ್ತು. ಹೊಸ ಗುಂಡಿ ಒತ್ತಿದೊಡನೆ ಹಳೆಯ ಮಾತು ನಿಲ್ಲುವಂತೆ ತಿದ್ದಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪರವಾನಗಿಯ ತಕರಾರು ಆಮೇಲೆ ಬಂತು. ಕಂಪ್ಯೂಟರಿನ ಲೋಕದಲ್ಲಿ ಡಬ್ಬಿಯೂ ಒಂದು ಫೈಲು. ಒಡೆಯ ಯಾರು, ಬಳಗ ಯಾರು, ಹೊರಗಿನವರು ಯಾರು, ಯಾರು ಬರೀ ಕೇಳಬಹುದು, ಯಾರು ನುಡಿಸಬಹುದು ಎಂದೆಲ್ಲ ಅದಕ್ಕೆ ಕಟ್ಟಳೆ ಹಾಕಬೇಕು. ಮೊದಲ ದಿನ ಅದು "ಪರವಾನಗಿ ಇಲ್ಲ" ಎಂದು ಹಟ ಹಿಡಿದಾಗ, ಬೇಸತ್ತವರೆಲ್ಲ ಮಾಡುವಂತೆ ನಾನೂ ಎಲ್ಲರಿಗೂ ಎಲ್ಲಕ್ಕೂ ಪರವಾನಗಿ ಕೊಟ್ಟು ಕೈ ತೊಳೆದುಕೊಂಡಿದ್ದೆ. ಮಾನ್ವಿಯಲ್ಲಿರುವ ಚಿಗವ್ವನ ಮಗಳು ರೇಣುಕಾ ಅವ್ವನ ಮಾತು ಕೇಳಲಿ ಎಂದು ಅವಳ ಫೋನಿಗೂ ಡಬ್ಬಿಯನ್ನು ಜೋಡಿಸಿದ್ದೆ; ಅಲ್ಲಿ ಮನೆಯ ಮಾತೂ ಕೇಳುತ್ತಿತ್ತು, ಡಬ್ಬಿಯ ಗುಂಡಿಗಳೂ ಕಾಣುತ್ತಿದ್ದವು.

ಸಂತೆಯಲ್ಲಿ ಚಿಗವ್ವನ ಪಕ್ಕ ಬೆಳ್ಳುಳ್ಳಿ ಮಾರುವವಳು ಎದುರು ಮನೆಯ ಮಹಬೂಬಿ. ಮೊದಲು ಹೋದವರು ಇನ್ನೊಬ್ಬರ ಜಾಗಕ್ಕೆ ಚೀಲ ಹಾಸಿಡುವುದು ಅವರ ರೂಢಿ. ಚೀಲ ಇಲ್ಲದಿದ್ದರೆ ಜಾಗ ಬೇರೆಯವರದು. ನಾನು ದೇವದುರ್ಗಕ್ಕೆ ಹೋಗಿದ್ದ ದಿನ ಮಹಬೂಬಿ ಚಿಗವ್ವನ ಮನೆಗೆ ಬಂದು ಕೇಳಿದಳು: "ಯಕ್ಕಾ, ಈ ಸಂತಿಗಿ ನಿನ್ನ ಚೀಲಾ ಹಾಸಲೇನು?"

ಚಿಗವ್ವ ಬೆರಳೆತ್ತುವ ಮೊದಲೇ ಆಕೆಯದೇ ದನಿ ಹೇಳಿತು: "ಬ್ಯಾಡ. ನನಗ ಆಗಂಗಿಲ್ಲ."

ಗಾಬರಿಯಾದ ಚಿಗವ್ವ "ಹೂಂ" ಗುಂಡಿ ಒತ್ತಿದಳು. ಅದನ್ನು ಅರ್ಧಕ್ಕೇ ತುಂಡರಿಸಿ ಮತ್ತೆ "ಬ್ಯಾಡ" ಬಂತು. ನಾನು ತಿದ್ದಿದ ಡ್ರೈವರು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಮಹಬೂಬಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಚಿಗವ್ವನ ಬಾಯಿ ಸುಮ್ಮನೆ ತೆರೆದು ಮುಚ್ಚಿತು. ನೋಡಲಾಗಲಿಲ್ಲ ನನಗೆ.

ರೇಣುಕಾಗೆ ಫೋನ್ ಮಾಡಿದರೆ ಅವಳೆಂದಳು: "ಬಿಸಲಾಗ ಕುಂತು ಮತ್ತ ಬ್ಯಾನಿ ತಗೊಂಡ್ರ ಯಾರ್ ನೋಡಬೇಕಣ್ಣಾ? ಅಕಿ ಒಳ್ಳೇದಕ್ಕ ಒತ್ತೀನಿ."

"ಬ್ಯಾಡ ಅಂತ ನೀನೂ ಹೇಳವ್ವಾ. ಆದ್ರ ನಿನ್ನ ದನೀಲೆ ಹೇಳು."

ಕಡೆಗೆ ಅವಳು, "ಆತು, ತಗದುಬಿಡು" ಎಂದಳು.

ಒತ್ತಿದವಳು ಮಗಳೆಂದು ಮಹಬೂಬಿಗೆ ಹೇಳಿ ಬಂದು, ಡಬ್ಬಿಗೆ ಚಿಗವ್ವನೊಬ್ಬಳನ್ನೇ ಒಡತಿ ಮಾಡಿದೆ, ಉಳಿದವರಿಗೆ ಕೇಳುವುದಷ್ಟೇ. ಆದರೂ ಎಲ್ಲ ಕಟ್ಟಳೆ ಮೀರುವ ಪಾಸ್‌ವರ್ಡ್ ಒಂದು ನನ್ನ ಬಳಿ ಉಳಿದಿತ್ತು. "ಇದೊಂದು ನನ್ನ ಹತ್ರ ಇರಲೇನು ಚಿಗವ್ವಾ, ಕೆಟ್ರ ರಿಪೇರಿ ಮಾಡಾಕ?" ಎಂದೆ. ಚಿಗವ್ವ ನನ್ನನ್ನೇ ನೋಡುತ್ತಾ "ಬ್ಯಾಡ" ಒತ್ತಿದಳು. ತನ್ನದೇ ಹೊಸ ಪಾಸ್‌ವರ್ಡ್ ಒತ್ತಲೆಂದು ಕೀಬೋರ್ಡನ್ನು ಆಕೆಯ ಮುಂದಿಟ್ಟು ಗೋಡೆಗೆ ಮುಖ ಮಾಡಿ ನಿಂತೆ. ಕೀಲಿಗಳು ಒಂದೊಂದಾಗಿ ಟಕ್ಕೆಂದವು. ನಾನೇ ಕಟ್ಟಿದ ಮನೆಗೆ ನಾನು ಹೊರಗಿನವನಾಗುತ್ತಿದ್ದೆ, ವಿಚಿತ್ರವೆಂದರೆ ಹಿತವಾದ ಮಂಪರು ಬರುತ್ತಿತ್ತು.

ಬೆನ್ನ ಹಿಂದೆ ದನಿ ಎದ್ದಿತು: "ಮಹಬೂಬೀ, ಚೀಲಾ ಹಾಸು ಬೇ!"

ಎದುರು ಮನೆಯಿಂದ ಅನುಮಾನದ ಪ್ರಶ್ನೆ ಬಂತು: "ಯಾರ್ ಒತ್ತಿದ್ದು?"

ಚಿಗವ್ವ ಇನ್ನೊಂದು ಗುಂಡಿ ಒತ್ತಿದಳು.

"ನಾನ."